ಸೂರು ಸಿಕ್ಕ ವಿಮಾನಗಳು: ಸಿಯಾಟಲ್‌ನ ಮ್ಯೂಸಿಯಂ ಆಫ್ ಫ್ಲೈಟ್

ಬೆಲ್‌ವ್ಯೂ, ರೆಡ್‌ಮಂಡ್ ಕಡೆಯ ಕನ್ನಡಿಗರು ಊರಿಂದ ಬಂದ ಅಪ್ಪ ಅಮ್ಮನನ್ನು ಸ್ಪೇಸ್ ನೀಡಲ್ ಗೋಪುರ ತೋರಿಸಿದ ಮೇಲೆ ಈ ವಿಮಾನ ಸಂಗ್ರಹಾಲಯಕ್ಕೂ ಕರೆತರುವುದುಂಟು. ಹೆಚ್ಚಿನವರು ಮುಖ್ಯ ಕಟ್ಟಡದ ಯುದ್ಧವಿಮಾನಗಳನ್ನು ನೋಡುವಷ್ಟರಲ್ಲೇ ಸುಸ್ತಾಗಿ, ರಸ್ತೆಯಾಚೆಗಿನ ಏವಿಯೇಷನ್ ಪೆವಿಲಿಯನ್ನನ್ನು ಓಡುನಡಿಗೆಯಲ್ಲಿ ಮುಗಿಸುತ್ತಾರೆ. ಉಲ್ಟಾ ಮಾಡಿ. ಟಿಕೆಟ್ ಕೊಂಡವರು ಮೊದಲು ಮೇಲ್ಸೇತುವೆ ದಾಟಿ ಅಲ್ಲಿಗೇ ಹೋಗುವುದು ಒಳ್ಳೆಯದು.

ಒಳಗೆ ಹೋದವರು ಮೊದಲು ತಲೆಯೆತ್ತಿ ಚಾವಣಿ ನೋಡಬೇಕು. ಸುಮಾರು 3 ಎಕರೆಯಷ್ಟು ಜಾಗಕ್ಕೆ 2016ರಲ್ಲಿ ಹೊದಿಸಿದ ಸೂರು ಅದು. ಅಲ್ಲಿಯವರೆಗೆ ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾನ್‌ಕಾರ್ಡ್‌ನಂಥ ವಿಮಾನವೂ ಬಯಲಲ್ಲೇ ನೆನೆಯುತ್ತಿತ್ತು. ಸಿಯಾಟಲ್‌ನದು ಜಿಟಿಜಿಟಿ ಮಳೆ. ಜೋರಾಗಿ ಸುರಿದು ನಿಲ್ಲುವ ಮಳೆಗಿಂತ ಇದೇ ವಿಮಾನಕ್ಕೆ ಕೆಟ್ಟದ್ದು, ಏಕೆಂದರೆ ಒಳಗೆ ಸೇರಿದ ತೇವಕ್ಕೆ ಒಣಗಲು ಬಿಡುವೇ ಸಿಗುವುದಿಲ್ಲ. ಗೋಡೆಯ ಒಳಪದರದ ಇನ್ಸುಲೇಷನ್ ನೀರು ಹೀರಿಕೊಂಡು ಲೋಹಕ್ಕೆ ಅಂಟಿ ಕೂರುತ್ತದೆ. ನೀರು ಇಳಿದುಹೋಗಲೆಂದು ಹೊಟ್ಟೆಯ ಕೆಳಗಿಟ್ಟ ತೂತುಗಳು ಧೂಳು, ಎಲೆ, ಹಕ್ಕಿಗೂಡಿನ ಕಸದಿಂದ ಕಟ್ಟಿಕೊಳ್ಳುತ್ತವೆ. ಸ್ಟೀಲ್ ಬೋಲ್ಟ್ ಅಲ್ಯೂಮಿನಿಯಂಗೆ ತಾಗಿದ ಕಡೆ ಮೊದಲು ಬಿಳಿ ಪುಡಿ ಕಾಣುತ್ತದೆ, ಆಮೇಲೆ ತಗಡು ಚಿರೋಟಿಯ ಹಾಗೆ ಪದರ ಪದರವಾಗಿ ಏಳುತ್ತದೆ. ಮೇಲೆ ಬಣ್ಣ ಹೊಳೆಯುತ್ತಿದ್ದರೂ ಟಾಯ್ಲೆಟ್, ಗ್ಯಾಲಿಗಳ (ವಿಮಾನದ ಅಡುಗೆಕಟ್ಟೆ) ನೆಲದಡಿಯ ತೊಲೆಗಳು ಕೊಳೆತಿರಬಹುದು. ಇಂಗ್ಲೆಂಡಿನ ಕಾಸ್ಫರ್ಡ್‌ ಮ್ಯೂಸಿಯಂನ ಬಯಲಲ್ಲಿ ನಿಂತಿದ್ದ ಬ್ರಿಟಿಷ್ ಏರ್‌ವೇಸ್ ಸಂಗ್ರಹದ ವಿಸಿ10, ಬೋಯಿಂಗ್ 707, ಟ್ರೈಡೆಂಟ್ ಪ್ರಯಾಣಿಕ ವಿಮಾನಗಳು 2006ರಲ್ಲಿ ಗರಗಸಕ್ಕೆ ಸಿಕ್ಕವು; ಉಳಿದದ್ದು ತುಂಡುಗಳು. ಹಾಗಾಗಿ ಈ ಸೂರಿಗೆ ನನ್ನ ಪೂರ್ತಿ ಅಂಕ. ಪಕ್ಕದಲ್ಲಿ ಗೋಡೆಯಿಲ್ಲದ್ದಕ್ಕೆ ಸ್ವಲ್ಪ ಕಡಿತ. ಮಳೆ, ಬಿಸಿಲು ನಿಂತಿವೆ ನಿಜ, ಆದರೆ ಚಳಿಗಾಳಿಯ ತೇವವೂ ಹಕ್ಕಿಗಳೂ ಒಳಗೆ ಬರುತ್ತವೆ. ನೋಡುವವರೂ ಜಾಕೆಟ್ ಹಾಕಿಕೊಂಡೇ ಬರಬೇಕು.

‘ಆಲ್ಫಾ ಗಾಲ್ಫ್’ ಎಂದು ಕರೆಯುವ ಇಲ್ಲಿನ ಕಾನ್‌ಕಾರ್ಡ್ 2003ರ ನವೆಂಬರ್ 5ರಂದು ನ್ಯೂಯಾರ್ಕ್‌ನಿಂದ 4 ಗಂಟೆಯೊಳಗೆ ಇಲ್ಲಿಗೆ ಬಂದಿಳಿಯಿತು. ಮ್ಯಾಕ್ 2, ಅಂದರೆ ಶಬ್ದದ ಎರಡರಷ್ಟು ವೇಗದಲ್ಲಿ ಇದರ ಮೈ ಬಿಸಿಯಾಗಿ 15ರಿಂದ 25 ಸೆಂಟಿಮೀಟರ್ ಉದ್ದವಾಗುತ್ತಿತ್ತು, ಆಗ ಫ್ಲೈಟ್ ಎಂಜಿನಿಯರ್‌ನ ಪ್ಯಾನೆಲ್ ಮತ್ತು ಗೋಡೆಯ ನಡುವೆ ಸಂದು ಬಿಡುತ್ತಿತ್ತು. ಕೊನೆಯ ಹಾರಾಟದಲ್ಲಿ ಎಂಜಿನಿಯರ್ ತಮ್ಮ ಟೋಪಿಯನ್ನು ಆ ಸಂದಿಗೆ ಸಿಕ್ಕಿಸಿದರು. ವಿಮಾನ ತಣ್ಣಗಾದಾಗ ಸಂದು ಮುಚ್ಚಿ ಟೋಪಿ ಕಚ್ಚಿಕೊಂಡಿತು. ಯಾರೋ ಪುಣ್ಯಾತ್ಮ ಹೊರಗೆ ಚಾಚಿದ್ದ ಭಾಗವನ್ನು ಕತ್ತರಿಸಿಕೊಂಡು ಹೋದ. ಮರಳಿಸಿದರೆ ಕೇಸಿಲ್ಲ ಎಂದ ಮೇಲೆ ಅದು ವಾಪಸ್ ಬಂತು. ಹಾರಾಟದ ಇದೇ ಬಿಸಿ ಹಿಂದೆ ಒಡಲೊಳಗಿನ ತೇವವನ್ನೂ ಒಣಗಿಸುತ್ತಿತ್ತು. ನಿಂತ ಕಾನ್‌ಕಾರ್ಡ್‌ಗೆ ಆ ಭಾಗ್ಯವಿಲ್ಲ.

ನನ್ನ ಲೆಕ್ಕದಲ್ಲಿ ಇಲ್ಲಿನ ದೊಡ್ಡ ಸಾಧನೆ ಮೊಟ್ಟಮೊದಲ ಬೋಯಿಂಗ್ 727. ಯುನೈಟೆಡ್ ಏರ್‌ಲೈನ್ಸ್‌ಗೆ ದುಡಿದು 1991ರಲ್ಲಿ ನಿವೃತ್ತವಾದ ಮೇಲೆ ಅದರ ಎಷ್ಟೋ ಬಿಡಿಭಾಗಗಳನ್ನು ಕಳಚಿಕೊಳ್ಳಲಾಗಿತ್ತು. ಹಳೆಯ ವಿಮಾನದ ಬೆಲೆಯೆಲ್ಲ ಎಂಜಿನ್, ಲ್ಯಾಂಡಿಂಗ್ ಗೇರ್, ಎಲೆಕ್ಟ್ರಾನಿಕ್ಸ್‌ನಲ್ಲಿದೆ; ಅವು ಹೋದರೆ ಉಳಿದದ್ದನ್ನು ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ. ರೆಕ್ಕೆಯಡಿ ಎಂಜಿನ್ ಇರುವ ವಿಮಾನಗಳಲ್ಲಿ ಅದನ್ನು ತೆಗೆದರೆ ತೂಕ ಹಿಂದಕ್ಕೆ ವಾಲುವುದರಿಂದ, ಬಾಲ ನೆಲಕ್ಕೆ ಕುಸಿಯದಂತೆ ಆ ಜಾಗದಲ್ಲಿ ಕಾಂಕ್ರೀಟ್ ದಿಮ್ಮಿ ನೇತುಹಾಕುವುದೂ ಉಂಟು. ಈ 727ಕ್ಕೆ ಸ್ವಯಂಸೇವಕರು ಪೇನ್ ಫೀಲ್ಡ್ ವಿಮಾನ ನಿಲ್ದಾಣದಲ್ಲಿ 25 ವರ್ಷ ದುಡಿದು, ಬೇರೆ 727ಗಳ ಭಾಗ ಜೋಡಿಸಿ, 2016ರ ಮಾರ್ಚ್ 2ರಂದು ಒಂದೇ ಒಂದು ಹಾರಾಟದ ವಿಶೇಷ ಪರವಾನಗಿಯಲ್ಲಿ ಇಲ್ಲಿಗೆ ತಂದಿಳಿಸಿದರು. ರಸ್ತೆ ಮೇಲೆ ತರಬೇಕಾಗಿದ್ದರೆ ರೆಕ್ಕೆ ಬಿಚ್ಚಲೇಬೇಕಿತ್ತು. ಬಿಚ್ಚಿದ ರೆಕ್ಕೆಯ ಮೂಲ ಬಲ ಮರಳಿ ಬರುವುದು ಅಪರೂಪ.

ಮೊದಲ 747 ಒಳಗೂ ಹತ್ತಬಹುದು. 1969ರ ಫೆಬ್ರುವರಿ 9ರಂದು ಹಾರಿದ ಪರೀಕ್ಷಾ ವಿಮಾನ ಅದಾದ್ದರಿಂದ ಸೀಟಿಗಿಂತ ನೀರು ತುಂಬುವ ಪೀಪಾಯಿಗಳನ್ನು ನೋಡಿ: ಭಾರವನ್ನು ಹಿಂದೆ ಮುಂದೆ ಮಾಡಲು ಬಳಸಿದವು. ಏರ್ ಇಂಡಿಯಾದ ಕೊನೆಯ 747 ಮುಂಬೈಯಿಂದ ಅಮೆರಿಕಕ್ಕೆ ಹಾರಿದ್ದು 2024ರ ಏಪ್ರಿಲ್‌ನಲ್ಲಿ, ಬಿಡಿಭಾಗಗಳಿಗಾಗಿ ಬಿಚ್ಚಿಸಿಕೊಳ್ಳಲು. ‘ಮಹಾರಾಜ’ನ ಜಂಬೋ ನೆನಪಿರುವ ಹಿರಿಯರು ಇಲ್ಲಿ ಸ್ವಲ್ಪ ಹೊತ್ತು ನಿಂತೇ ನಿಲ್ಲುತ್ತಾರೆ.

ಹಳೆಯ ಟ್ರಾನ್ಸ್-ಕೆನಡಾ ಏರ್‌ಲೈನ್ಸ್ ಬಣ್ಣದ ಸೂಪರ್ ಕಾನ್‌ಸ್ಟೆಲೇಷನ್ ಎಂಬ ಪ್ರೊಪೆಲ್ಲರ್ ವಿಮಾನ ಒಂದು ಕಾಲದಲ್ಲಿ ಬಾರ್ ಆಗಿತ್ತು. ಅಮೆರಿಕಕ್ಕೆ ಮಾರುವಾಗ ಕೆನಡಾದವರು ತಕರಾರು ತೆಗೆದಿದ್ದರು.

ಮುಖ್ಯ ಕಟ್ಟಡಕ್ಕೆ ಮರಳಿದಾಗ ಬೋಯಿಂಗ್ 80ಎ-1 ಬಿಡಬೇಡಿ. ಎರಡು ಅಂತಸ್ತಿನ ರೆಕ್ಕೆಯ ಆ ಮಾದರಿಯಲ್ಲಿ ಲೋಕದಲ್ಲಿ ಉಳಿದಿರುವುದು ಇದೊಂದೇ. 1960ರಲ್ಲಿ ಅಲಾಸ್ಕದ ಆಂಕರೇಜ್‌ನ ಕಸದ ಗುಂಡಿಯಿಂದ ಎತ್ತಿ ತಂದದ್ದು.

ಡೌನ್‌ಟೌನ್‌ನಿಂದ 124ನೇ ನಂಬರ್ ಬಸ್ಸು ಬಾಗಿಲ ಮುಂದೆಯೇ ನಿಲ್ಲುತ್ತದೆ. ಕಾನ್‌ಕಾರ್ಡ್‌ನೊಳಗಿನ ಓಣಿ ಕಿರಿದು, ಸಾಲಿನಲ್ಲೇ ಸಾಗಬೇಕು; ಮಂಡಿನೋವಿರುವವರು ಮೊದಲು 787 ಹತ್ತಿ ನೋಡಲಿ.