ಕೋರಸ್ ಸಿಎಡಿ: 'ಇಲ್ಲ' ಅಂತ ಹೇಳಲು ಮಾತ್ರ ಬರುತ್ತಿದ್ದ ಹೃದಯದ ಟೆಸ್ಟ್

ಮಾರಾಟ ನಿಂತು ವರ್ಷಗಳೇ ಆದ ಟೆಸ್ಟ್‌ಗೆ ಈಗ ಯಾಕೆ ರಿವ್ಯೂ ಅಂತೀರಾ? ರಕ್ತದಲ್ಲಿ ಜೀನ್ ನೋಡಿ ಹೃದ್ರೋಗ ಹಿಡಿಯುತ್ತೇವೆ ಎನ್ನುವ ಮಾತು ಆಗಾಗ ಹೊಸದಾಗಿ ಕೇಳಿಬರುತ್ತಲೇ ಇರುತ್ತದೆ. ಹಾಗಾಗಿ ಅದನ್ನು ನಿಜವಾಗಿ ಮಾಡಿ ಮಾರಿದ ಅಮೆರಿಕದ ಕಾರ್ಡಿಯೋಡಿಎಕ್ಸ್ ಕಂಪನಿಯ ಕೋರಸ್ ಸಿಎಡಿ ಟೆಸ್ಟ್ ಹೇಗಿತ್ತು ಅಂತ ಒಮ್ಮೆ ನೋಡಿಬಿಡೋಣ. ಬಂದದ್ದು 2009ರಲ್ಲಿ. ಮರುವರ್ಷವೇ ಟೈಮ್ ಪತ್ರಿಕೆ ಅದನ್ನು ವರ್ಷದ ಹತ್ತು ದೊಡ್ಡ ವೈದ್ಯಕೀಯ ಸಾಧನೆಗಳ ಸಾಲಿಗೆ ಸೇರಿಸಿತು.

ಐಡಿಯಾ ಮಾತ್ರ ಸೊಗಸಾಗಿದೆ. ಹುಟ್ಟಿನಿಂದ ಬಂದ ಡಿಎನ್‌ಎ ಮುಂದಿನ ಅಪಾಯದ ಬಗ್ಗೆ ಏನಾದರೂ ಹೇಳೀತು, ಇವತ್ತು ರಕ್ತನಾಳ ಕಟ್ಟಿಕೊಂಡಿದೆಯಾ ಅಂತ ಹೇಳುವುದಿಲ್ಲ. ಆದರೆ ಯಾವ ಜೀನ್ ಈಗ ಎಷ್ಟು ಚುರುಕಾಗಿದೆ ಎನ್ನುವುದು ಬದಲಾಗುತ್ತಿರುತ್ತದೆ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕೂತಾಗ ಅಲ್ಲಿ ಉರಿಯೂತವೂ ಇರುತ್ತದೆ, ಅದರ ಸುಳಿವು ರಕ್ತದ ಬಿಳಿ ಕಣಗಳಲ್ಲಿ ಸಿಗುತ್ತದೆ. ಈ ಟೆಸ್ಟ್ 23 ಜೀನ್‌ಗಳ ಆರ್‌ಎನ್‌ಎ (ಜೀನ್ ಚುರುಕಾದಾಗ ತಯಾರಾಗುವ ಅದರ ನಕಲು) ಅಳೆದು, ಜೊತೆಗೆ ವಯಸ್ಸು ಮತ್ತು ಲಿಂಗ ಸೇರಿಸಿ, 1ರಿಂದ 40ರವರೆಗೆ ಒಂದು ಸ್ಕೋರ್ ಕೊಡುತ್ತಿತ್ತು. 15 ಅಥವಾ ಅದಕ್ಕಿಂತ ಕಡಿಮೆ ಬಂದರೆ ದೊಡ್ಡ ಬ್ಲಾಕ್ ಇರುವ ಸಾಧ್ಯತೆ ಕಡಿಮೆ ಅಂತ ಅರ್ಥ. ರೋಗಿಗೆ ಬಹಳ ಸಲೀಸು: ತೋಳಿನಿಂದ ಒಂದಿಷ್ಟು ರಕ್ತ ಕೊಟ್ಟರೆ ಮುಗಿಯಿತು, ಟ್ರೆಡ್‌ಮಿಲ್ ಇಲ್ಲ, ವಿಕಿರಣ ಇಲ್ಲ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಲೆಕ್ಕ ಇಟ್ಟಿದ್ದು ನನಗೆ ತುಂಬ ಹಿಡಿಸಿತು, ಯಾಕೆಂದರೆ ಹೆಂಗಸರಲ್ಲಿ ಟ್ರೆಡ್‌ಮಿಲ್ ಟೆಸ್ಟ್ ದಾರಿ ತಪ್ಪಿಸುವುದು ಜಾಸ್ತಿ.

ಇನ್ನು ಅಂಕಿಗಳಿಗೆ ಬರೋಣ. 2013ರಲ್ಲಿ ಪ್ರಕಟವಾದ ಕಂಪಾಸ್ ಅಧ್ಯಯನದಲ್ಲಿ 431 ಜನ ಇದ್ದರು, ಕಡಿಮೆ ಸ್ಕೋರ್ ಬಂದವರಲ್ಲಿ 96% ಮಂದಿಗೆ ನಿಜಕ್ಕೂ ದೊಡ್ಡ ಬ್ಲಾಕ್ ಇರಲಿಲ್ಲ. ಕೇಳಲು ಭರ್ಜರಿಯಾಗಿದೆ. ಆದರೆ ಆ ಗುಂಪಿನಲ್ಲಿ ಬ್ಲಾಕ್ ಇದ್ದದ್ದೇ ಸುಮಾರು 15% ಜನಕ್ಕೆ! ರಕ್ತವನ್ನೇ ತೆಗೆಯದೆ, ಸುಮ್ನೆ ಎಲ್ಲರಿಗೂ "ನಿಮಗೇನೂ ಇಲ್ಲ, ಹೋಗಿ" ಅಂದಿದ್ದರೂ 85% ಸರಿ ಬರುತ್ತಿತ್ತು, ಅಲ್ವಾ? ಕಾಯಿಲೆ ಜಾಸ್ತಿ ಇದ್ದ ಗುಂಪಿನ ಮೇಲೆ ನಡೆದ 2010ರ ಪ್ರೆಡಿಕ್ಟ್ ಅಧ್ಯಯನದಲ್ಲಿ ಇದೇ 'ಇಲ್ಲ' ಸರಿ ಬಂದದ್ದು 83% ಮಾತ್ರ.

ಬ್ಲಾಕ್ ಇದ್ದವರಲ್ಲಿ 89% ಜನರನ್ನು ಕಂಪಾಸ್‌ನಲ್ಲಿ ಈ ಟೆಸ್ಟ್ ಹಿಡಿದಿತ್ತು, ಅದು ಚೆನ್ನಾಗಿಯೇ ಇದೆ. ತೊಂದರೆ ಇರುವುದು ಆ ಕಡೆ: ಏನೂ ಇಲ್ಲದವರಲ್ಲೂ ಹತ್ತಿರ ಹತ್ತಿರ ಅರ್ಧ ಜನಕ್ಕೆ 15ಕ್ಕಿಂತ ಜಾಸ್ತಿ ಸ್ಕೋರ್ ಬಂದಿತ್ತು. ಅಂಥವರು ಮತ್ತೆ ಅದೇ ಸ್ಕ್ಯಾನ್, ಅದೇ ಆಂಜಿಯೋಗ್ರಾಮ್ ಕಡೆ ಹೋಗಬೇಕು, ನಡುವೆ ಗಾಬರಿ ಬೇರೆ.

ಸಕ್ಕರೆ ಕಾಯಿಲೆ ಇದ್ದವರಿಗೆ ಈ ಟೆಸ್ಟ್ ಆಗುತ್ತಿರಲಿಲ್ಲ. ಸ್ಟಿರಾಯ್ಡ್ ತೆಗೆದುಕೊಳ್ಳುವವರಿಗೂ ಇಲ್ಲ, ರುಮಟಾಯ್ಡ್ ಸಂಧಿವಾತದಂಥ ಉರಿಯೂತದ ಕಾಯಿಲೆ ಇದ್ದವರಿಗೂ ಇಲ್ಲ. ಬಿಳಿ ಕಣಗಳ ಗದ್ದಲವನ್ನೇ ಅಳೆಯುವ ಟೆಸ್ಟ್‌ಗೆ ಬೇರೆ ಕಡೆಯ ಗದ್ದಲ ಗೊಂದಲ ಮಾಡುತ್ತದೆ, ಸರಿ. ಆದರೂ ಹೃದ್ರೋಗದ ಭಯ ಜಾಸ್ತಿ ಇರುವ ಸಕ್ಕರೆ ಕಾಯಿಲೆಯವರನ್ನೇ ಬಾಗಿಲಲ್ಲಿ ನಿಲ್ಲಿಸಿದರೆ ಹೇಗೆ? ಬೆಲೆ ಸಾವಿರ ಡಾಲರ್ ದಾಟಿತ್ತು. ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಾಗಿ ಇರುವ ಸರಕಾರಿ ಆರೋಗ್ಯ ವಿಮೆ ಮೆಡಿಕೇರ್ 2012ರಿಂದ ಹಣ ಕೊಡುತ್ತಿತ್ತು, 2018ರಲ್ಲಿ ನಿಲ್ಲಿಸಿತು. ಮುಂದಿನ ವರ್ಷ ಕಂಪನಿಯೂ ಬಾಗಿಲು ಹಾಕಿತು.

ನನ್ನ ಲೆಕ್ಕದಲ್ಲಿ ಐದಕ್ಕೆ ಎರಡೂವರೆ. ಪ್ರೆಡಿಕ್ಟ್‌ನ ಇನ್ನೊಂದು ಅಂಕಿ ನೋಡಿ. ವಯಸ್ಸು, ಲಿಂಗ, ಎದೆನೋವಿನ ಬಗೆ ಇಷ್ಟನ್ನೇ ನೋಡುವ ಹಳೇ ಪುಕ್ಕಟೆ ಲೆಕ್ಕ ರೋಗ ಇದ್ದವರನ್ನು ಇಲ್ಲದವರಿಂದ ಬೇರೆ ಮಾಡುವುದರಲ್ಲಿ 0.66 ಪಡೆದಿತ್ತು (0.5 ಅಂದರೆ ನಾಣ್ಯ ಚಿಮ್ಮಿದಂತೆ, 1 ಅಂದರೆ ಪಕ್ಕಾ). ಅದಕ್ಕೆ ಈ ಸ್ಕೋರ್ ಸೇರಿಸಿದರೆ 0.72. ಇಂಥ ಹೊಸ ಟೆಸ್ಟ್ ಯಾರಾದರೂ ತಂದರೆ ನಾನು ಮೊದಲು ಕೇಳುವುದು 96% ಅಲ್ಲ, ಈ ಎರಡು ಅಂಕಿಗಳ ನಡುವಿನ ಅಂತರ.