ನಾಲ್ಕು ಥರದ ಕಾರ್ಡು, ಒಂದು ಮಟ್ಟುಗುಳ್ಳ

ಮಗಳಿಗೆ ಎರಡು ತಿಂಗಳು ತುಂಬುವಾಗ ಮೊದಲ ಫ್ಲ್ಯಾಶ್‌ಕಾರ್ಡ್ ಡಬ್ಬ, ಅಂದರೆ ಮಕ್ಕಳಿಗೆ ತೋರಿಸಿ ಕಲಿಸುವ ಕಾರ್ಡುಗಳದ್ದು, ಮನೆಗೆ ಬಂತು. ಈಗ ಅವಳಿಗೆ ಎರಡೂಕಾಲು ವರ್ಷ. ಈ ನಡುವೆ ನಾಲ್ಕು ಥರದ ಕಾರ್ಡು ಹಿಡಿದು ನೋಡಿದ್ದೇನೆ, ಒಂದು ಆ್ಯಪ್ ಕೂಡ ಹಾಕಿ ತೆಗೆದಿದ್ದೇನೆ. ಇದರಲ್ಲಿ ಯಾವುದಕ್ಕೆ ದುಡ್ಡು ಹಾಕಬಹುದು ಅಂತ ತಂಗಿ ಕೇಳಿದಳು. ಅವಳೀಗ ಏಳು ತಿಂಗಳ ಬಸುರಿ. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಒಂದೇ ಮಗುವನ್ನು ನೋಡಿ ಹೇಳುವ ಮಾತು ಇದು, ಅದೂ ಉಡುಪಿ ಹತ್ತಿರದ ತೋಟದ ಮನೆಯಲ್ಲಿ ಬೆಳೆಯುತ್ತಿರುವ ಮಗು.

ಮೊದಲನೆಯದು ಕಪ್ಪು-ಬಿಳುಪು ಕಾರ್ಡು. ಹುಟ್ಟಿದ ಮಗುವಿಗೆ 20ರಿಂದ 30 ಸೆಂಟಿಮೀಟರ್ ದೂರದ್ದು ಮಾತ್ರ ಸ್ವಲ್ಪ ಸರಿಯಾಗಿ ಕಾಣುತ್ತದೆ. ಎತ್ತಿಕೊಂಡ ಅಮ್ಮನ ಮುಖ ಇರುವಷ್ಟು ದೂರ. ತಿಳಿ ಬಣ್ಣಗಳಿಗಿಂತ ಕಪ್ಪು-ಬಿಳುಪಿನ ದಪ್ಪ ಗೆರೆಗಳ ಮೇಲೆ ಕಣ್ಣು ಬೇಗ ನಿಲ್ಲುತ್ತದೆ. ನಮ್ಮವಳೂ ವೃತ್ತದೊಳಗೆ ವೃತ್ತ ಇದ್ದ ಕಾರ್ಡನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಕವುಚಿ ಮಲಗಿಸಿದರೆ ಅಳುವ ಮಗು, ಎದುರಿಗೆ ಇದನ್ನು ನಿಲ್ಲಿಸಿದರೆ ಎರಡು ನಿಮಿಷ ತಲೆ ಎತ್ತಿ ಇರುತ್ತಿತ್ತು. ನನಗೆ ಸಿಕ್ಕಿದ ನಿಜವಾದ ಲಾಭ ಅದೇ. ಆದರೆ ಅತ್ತೆಯ ಚೌಕುಳಿ ಸೀರೆಯನ್ನೂ ಅವಳು ಅಷ್ಟೇ ಹೊತ್ತು ನೋಡುತ್ತಿದ್ದಳು. ಬಿಳಿ ರಟ್ಟಿನ ಮೇಲೆ ಕಪ್ಪು ಮಾರ್ಕರ್‌ನಲ್ಲಿ ನಾವೇ ಗೀಚಿದ್ದೂ ನಡೆಯಿತು. ನಾಲ್ಕು ತಿಂಗಳು ದಾಟಿದ ಮೇಲೆ ಇದರ ಕಡೆ ತಿರುಗಿಯೂ ನೋಡಲಿಲ್ಲ.

ಎರಡನೆಯದು ಸರಸರ ತೋರಿಸುವ ಪದ್ಧತಿ. ಫಿಲಡೆಲ್ಫಿಯಾದ ಫಿಸಿಯೋಥೆರಪಿಸ್ಟ್ ಗ್ಲೆನ್ ಡೋಮನ್ 1964ರಲ್ಲಿ, ಮಗುವಿಗೆ ಓದಲು ಕಲಿಸುವ ಬಗ್ಗೆ ಬರೆದ ಪುಸ್ತಕದಿಂದ ಇದು ಜನಪ್ರಿಯವಾಯಿತು. ದೊಡ್ಡ ಕೆಂಪು ಅಕ್ಷರದಲ್ಲಿ ಪದ ಬರೆದು, ಒಂದೊಂದನ್ನು ಒಂದು ಸೆಕೆಂಡಿನಷ್ಟೇ ತೋರಿಸಬೇಕು. ದಿನಕ್ಕೆ ಹಲವು ಸಲ. ನಾನೂ 'ಅಮ್ಮ', 'ಅಪ್ಪ', 'ಹಾಲು' ಅಂತ ಬರೆದುಕೊಂಡು ಕೂತೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಇದೆಂತ ಮಾರಾಯ್ತಿ, ಆರು ತಿಂಗಳಿಗೇ ಇಸ್ಪೀಟು ಕಲಿಸ್ತಿಯಾ?"

ಹದಿನೇಳು ದಿನ ಮಾಡಿದೆ. ಮಗು ಕಾರ್ಡನ್ನು ನೋಡಲೇ ಇಲ್ಲ, ನನ್ನ ಬಾಯಿ ನೋಡುತ್ತಿದ್ದಳು. ಕೊನೆಕೊನೆಗೆ ಕಟ್ಟು ಕೈಗೆತ್ತಿಕೊಂಡರೆ ಮುಖ ತಿರುಗಿಸುತ್ತಿದ್ದಳು. ಅಮೆರಿಕದಲ್ಲಿ ಡಿವಿಡಿ, ಕಾರ್ಡು, ಪುಸ್ತಕ ಸೇರಿಸಿ ಎಳೆಮಕ್ಕಳಿಗೆ ಓದು ಕಲಿಸುವ ಒಂದು ಪ್ಯಾಕೇಜನ್ನು 117 ಮಕ್ಕಳ ಮೇಲೆ ಏಳು ತಿಂಗಳು ಪರೀಕ್ಷಿಸಿದ ಅಧ್ಯಯನ 2014ರಲ್ಲಿ ಬಂದಿತ್ತು. ಮಕ್ಕಳು ಓದಲು ಕಲಿತಿರಲಿಲ್ಲ. ಕಲಿತಿದ್ದಾರೆ ಅಂತ ನಂಬಿದ್ದವರು ಅಪ್ಪ-ಅಮ್ಮಂದಿರು! ಅದನ್ನು ಓದಿ ನನ್ನ ಕಟ್ಟನ್ನು ಒಲೆಗೆ ಹಾಕಿದೆ.

ಆ್ಯಪ್ ವಿಷಯ ಜಾಸ್ತಿ ಬೇಡ. ನಾಲ್ಕು ದಿನ ಇತ್ತು. ಐದನೇ ದಿನ ಫೋನ್ ಕೊಡದಿದ್ದಕ್ಕೆ ಊಟ ಬಿಟ್ಟಳು, ತೆಗೆದೆ. ಭಾರತೀಯ ಮಕ್ಕಳ ವೈದ್ಯರ ಸಂಘ ಕೂಡ ಎರಡು ವರ್ಷದವರೆಗೆ ಸ್ಕ್ರೀನ್ ಬೇಡ, ಮನೆಯವರ ಜೊತೆ ವಿಡಿಯೋ ಕಾಲ್ ಆದರೆ ಸರಿ ಅನ್ನುತ್ತದೆ.

ಮೂರನೆಯದು ಅಂಗಡಿಯ ಬಣ್ಣದ ಚಿತ್ರಗಳ ಸೆಟ್. ನಲವತ್ತು ಕಾರ್ಡು, ಇಂಗ್ಲಿಷ್ ಹೆಸರು. ಒಂಬತ್ತನೇ ತಿಂಗಳಲ್ಲಿ ತೆಗೆದೆವು. ಸೇಬಿನ ಚಿತ್ರವನ್ನು ಅವಳು ಉಗುರಿನಿಂದ ಕೆರೆದು ಎತ್ತಲು ನೋಡುತ್ತಿದ್ದಳು. ಮಂಕಾಗಿದ್ದಾಳೋ ಅಂತ ನನಗೆ ಹೆದರಿಕೆ. ಆಮೇಲೆ ಗೊತ್ತಾಯಿತು, ಆ ವಯಸ್ಸಿನಲ್ಲಿ ಎಲ್ಲ ಮಕ್ಕಳೂ ಹಾಗೇ ಅಂತೆ. ಪುಸ್ತಕವನ್ನೇ ಕಾಣದ ಐವರಿ ಕೋಸ್ಟ್ ಹಳ್ಳಿಯ ಮಕ್ಕಳೂ ಚಿತ್ರವನ್ನು ಹಿಡಿಯಲು ಹೋಗುತ್ತಿದ್ದವು ಅಂತ 1998ರ ಒಂದು ಅಧ್ಯಯನದಲ್ಲಿದೆ. ಚಿತ್ರ ಬೇರೆ, ವಸ್ತು ಬೇರೆ ಅನ್ನುವುದು ನಿಧಾನಕ್ಕೆ ತಿಳಿಯುತ್ತದೆ. ಒಂದೂವರೆ ವರ್ಷದ ಹೊತ್ತಿಗೆ ಹಿಡಿಯುವುದು ಬಿಟ್ಟು ಬೆರಳು ತೋರಿಸುತ್ತಾರೆ.

ಈ ಸೆಟ್ಟಿನ ತೊಂದರೆ ಬೇರೆ. ಅದರಲ್ಲಿ ಇಗ್ಲೂ ಇತ್ತು, ಯಾಕ್ ಇತ್ತು, ಝೈಲೋಫೋನ್ ಇತ್ತು. ನಮ್ಮೂರಲ್ಲಿ ಯಾಕ್ ಎಲ್ಲಿಂದ ತರಲಿ? ಬದನೆಕಾಯಿ ಅಂದರೆ ಉದ್ದಕ್ಕೆ, ನೇರಳೆ ಬಣ್ಣಕ್ಕೆ ಇತ್ತು. ನಮ್ಮ ಅಡುಗೆಮನೆಗೆ ಬರುವುದು ಮಟ್ಟುಗುಳ್ಳ. ದುಂಡಗೆ, ಹಸಿರು. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕ ನಮ್ಮ ಮಟ್ಟು ಊರಿನ ಬದನೆ. ಆ ಕಾರ್ಡು ತೋರಿಸಿ 'ಬದನೆ' ಅಂದರೆ ಮಗು ಏನು ಅಂದುಕೊಳ್ಳಬೇಕು?

ನವಿಲಿನ ಕಥೆ ಇನ್ನೂ ಚೆನ್ನಾಗಿದೆ. ಕಾರ್ಡಿನಲ್ಲಿ ಗರಿ ಬಿಚ್ಚಿದ ನವಿಲನ್ನು ಎರಡು ತಿಂಗಳು ತಪ್ಪಿಲ್ಲದೆ ತೋರಿಸುತ್ತಿದ್ದಳು. ಬಂದವರ ಮುಂದೆಲ್ಲ ತೋರಿಸಿ ನಾನು ಬೀಗಿದ್ದೂ ಆಯಿತು. ಒಂದು ಬೆಳಿಗ್ಗೆ ಗದ್ದೆಯ ಅಂಚಿನಲ್ಲಿ ನಿಜವಾದ ನವಿಲು ಬಂತು, ಗರಿ ಮಡಚಿಕೊಂಡು. ಮಗಳು ಖುಷಿಯಿಂದ ಕೂಗಿದಳು: "ಕೋಳಿ!" ಅವಳು ಕಲಿತದ್ದು ನವಿಲನ್ನಲ್ಲ, ಆ ಕಾರ್ಡನ್ನು ಅಂತ ನನಗೆ ಅವತ್ತು ಹೊಳೆಯಿತು. ಅವತ್ತೇ ಫೋನಿನಲ್ಲಿ ಆ ಮಡಚಿದ ಗರಿಯ ನವಿಲಿನ ಫೋಟೋ ತೆಗೆದು ಪ್ರಿಂಟ್ ಹಾಕಿಸಿದೆ. ಎರಡೇ ದಿನದಲ್ಲಿ ಗದ್ದೆಯಲ್ಲೂ ನವಿಲು, ಕಾರ್ಡಿನಲ್ಲೂ ನವಿಲು.

ನಾಲ್ಕನೆಯ ಕಟ್ಟು ಹುಟ್ಟಿದ್ದು ಹೀಗೆ. ಹದಿನಾರು ಫೋಟೋ ಮಾಡಿದೆವು. ಬಾವಿಯ ರಾಟೆ, ದೋಸೆ ಕಾವಲಿ, ಅಜ್ಜನ ಹಾಳೆಟೋಪಿ, ಅಪ್ಪನ ಸ್ಕೂಟರ್, ಹಟ್ಟಿಯ ದನ, ಮೀನು ಮಾರಲು ಬರುವ ಬೈಕು, ಮೆಟ್ಟುಕತ್ತಿ, ಮಟ್ಟುಗುಳ್ಳ, ಹೀಗೆ. ಒಂದೇ ಒಂದು ನಿಯಮ: ಮೊದಲು ವಸ್ತುವನ್ನು ನೋಡಬೇಕು, ಮುಟ್ಟಬೇಕು, ಆಮೇಲೆ ಕಾರ್ಡು. ಮೆಟ್ಟುಕತ್ತಿಯನ್ನು ಮಾತ್ರ ದೂರದಿಂದ. ಗುಳ್ಳವನ್ನು ಅಜ್ಜಿಯ ಜೊತೆ ಕೂತು ಉರುಳಿಸಿ, ನೀರಿಗೆ ಹಾಕಿ, ತೊಟ್ಟು ಚುಚ್ಚಿಸಿಕೊಂಡು ಅತ್ತು, ಆಮೇಲೆ ಅದರ ಫೋಟೋ ನೋಡಿದಳು. ತೊಟ್ಟನ್ನೇ ತೋರಿಸಿ "ಅಬ್ಬು" ಅಂದಳು.

ಒಂದೂವರೆ ವರ್ಷ ತುಂಬಿದಾಗ ಎಣಿಸಿದೆ. ಮನೆಯ ಹದಿನಾರರಲ್ಲಿ ಹದಿಮೂರಕ್ಕೆ ಏನಾದರೊಂದು ಹೆಸರು ಹೇಳುತ್ತಿದ್ದಳು. ಅಂಗಡಿಯ ನಲವತ್ತರಲ್ಲಿ ಒಂಬತ್ತಕ್ಕೆ. ಆ ಒಂಬತ್ತೂ ನಮ್ಮ ಅಂಗಳದಲ್ಲೇ ಇರುವಂಥವು: ನಾಯಿ, ಬೆಕ್ಕು, ಚೆಂಡು, ಬಾಳೆಹಣ್ಣು ಇತ್ಯಾದಿ. ಇದು ನ್ಯಾಯವಾದ ಸ್ಪರ್ಧೆ ಅಲ್ಲ, ಒಪ್ಪುತ್ತೇನೆ. ಮನೆಯ ಕಟ್ಟಿನ ಜೊತೆ ಅಜ್ಜಿಯ ಮಾತು ಸೇರಿತ್ತು. ಅಂಗಡಿಯ ಕಾರ್ಡು ಹಿಡಿದರೆ ಅತ್ತೆ "ಇದೆಂತ?" ಅಂತ ಕೇಳಿ ಸುಮ್ಮನಾಗುತ್ತಿದ್ದರು. ಮೀನಿನ ಬೈಕಿನ ಫೋಟೋ ಕೊಟ್ಟರೆ ಹಾರ್ನ್ ಹೊಡೆದು ತೋರಿಸಿ, ಇವತ್ತು ಬಂಗುಡೆ ಎಷ್ಟು ಹೇಳಿದ, ನಿನ್ನೆ ಎಷ್ಟಿತ್ತು ಎನ್ನುವವರೆಗೆ ಹೋಗುತ್ತಿತ್ತು.

ಖರ್ಚೂ ಕಡಿಮೆ. ಸ್ಟುಡಿಯೋದಲ್ಲಿ ಪ್ರಿಂಟಿಗೆ ತಲಾ ಹತ್ತು ರೂಪಾಯಿ, ಲ್ಯಾಮಿನೇಶನ್ ಬೇರೆ. ಒಂದು ತಪ್ಪು ಮಾತ್ರ ಮಾಡಿದೆ. ಲ್ಯಾಮಿನೇಟ್ ಮಾಡಿದ ಮೂಲೆಗಳನ್ನು ಹಾಗೇ ಬಿಟ್ಟೆ, ಬಾಯಿಗೆ ಹಾಕಿಕೊಂಡಾಗ ತುಟಿ ಕೊಯ್ಯಿತು. ಕತ್ತರಿಯಲ್ಲಿ ಮೂಲೆ ದುಂಡಗೆ ಮಾಡಿ. ಕಬ್ಬಿಣದ ರಿಂಗ್ ಬೇಡ, ದಪ್ಪ ದಾರ ಸಾಕು, ಅದೂ ಗಿಡ್ಡಕ್ಕೆ ಇರಲಿ.

ತಂಗಿಗೆ ಕಪ್ಪು-ಬಿಳುಪಿನ ಡಬ್ಬವನ್ನು ಕೊಟ್ಟಿದ್ದೇನೆ. ಅಂಗಡಿಯ ಸೆಟ್ ಅಟ್ಟದ ಮೇಲಿದೆ, ಬೇಕಾದವರು ಬಂದು ಒಯ್ಯಬಹುದು. ಮನೆಯ ಕಟ್ಟು ಮಾತ್ರ ಕೊಡುವ ಹಾಗಿಲ್ಲ. ಮಗಳೀಗ ಬಸ್ ಕಂಡಕ್ಟರ್. ನಾವೆಲ್ಲ ಜಗಲಿಯಲ್ಲಿ ಸಾಲಾಗಿ ಕೂರಬೇಕು, ಅವಳು ತಲೆಗೊಂದು ಕಾರ್ಡು ಹಂಚುತ್ತಾಳೆ. ನಿನ್ನೆ ನನಗೆ ಸಿಕ್ಕಿದ ಟಿಕೆಟ್ ಮಟ್ಟುಗುಳ್ಳ. ಒಂದು ಮೂಲೆ ಪೂರ್ತಿ ಜಗಿದು ಹೋಗಿದೆ.