ಡಿಮೆನ್ಷಿಯಾ ಇರುವವರಿಗೆ ‘ಸುಮ್ಮನಾಗಿಸುವ’ ಇಂಜೆಕ್ಷನ್ ಹಾಕಿಸುವ ಮುಂಚೆ

ಡಿಮೆನ್ಷಿಯಾ (ನೆನಪು, ಯೋಚನೆ ಕುಂದುತ್ತಾ ಹೋಗುವ ಮಿದುಳಿನ ಕಾಯಿಲೆ) ಇರುವ ಹಿರಿಯರು ಇದ್ದಕ್ಕಿದ್ದಂತೆ ಹೊಡೆಯಲು, ಕೂಗಾಡಲು ಶುರು ಮಾಡಿದರೆ, ಕಾರಣ ಹುಡುಕದೆ ಮಂಪರು ಬರಿಸುವ ಇಂಜೆಕ್ಷನ್‌ಗೆ ಒಪ್ಪಬೇಡಿ. ಮುಖ್ಯವಾಗಿ ಹ್ಯಾಲೊಪೆರಿಡಾಲ್ (ಆಂಟಿಸೈಕೋಟಿಕ್, ಅಂದರೆ ತೀವ್ರ ಮನೋರೋಗಕ್ಕೆ ಕೊಡುವ ಜಾತಿಯ ಔಷಧಿ) ಅನ್ನುವ ಹೆಸರು ಕಿವಿಗೆ ಬಿದ್ದರೆ ನಿಲ್ಲಿಸಿ, ಪ್ರಶ್ನೆ ಕೇಳಿ. ನಮ್ಮಪ್ಪನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಅಪ್ಪನಿಗೆ ಮರೆವು ಅಷ್ಟೇನೂ ಇರಲಿಲ್ಲ. ಆದರೆ ಇಲ್ಲದವರು ಕಾಣುತ್ತಿದ್ದರು. ಮೂಲೆಯಲ್ಲಿ ಮಕ್ಕಳು ಕೂತಿದ್ದಾರೆ, ಅವರಿಗೆ ಊಟ ಹಾಕಿ ಅನ್ನುತ್ತಿದ್ದರು. ಒಂದು ದಿನ ಚುರುಕಾಗಿ ಮಾತಾಡಿದರೆ ಮರುದಿನ ಪೂರ್ತಿ ಮಂಕು. ಕಾಲು ಎಳೆದುಕೊಂಡು ನಡೆಯುತ್ತಿದ್ದರು. ನಿದ್ದೆಯಲ್ಲಿ ಕೂಗುವುದು, ಕೈಕಾಲು ಬೀಸುವುದು ಇದಕ್ಕೆಲ್ಲ ಎಷ್ಟೋ ವರ್ಷ ಮುಂಚಿನಿಂದಲೇ ಇತ್ತು. ಆಮೇಲೆ ಅಮ್ಮನ ಮೇಲೇ ಅನುಮಾನ ಬಂತು. “ಇವಳು ನಿಮ್ಮಮ್ಮ ಅಲ್ಲ ಕಣೋ. ಅವಳ ಹಾಗೇ ವೇಷ ಹಾಕಿಕೊಂಡು ಬಂದಿದ್ದಾಳೆ” ಅಂತ ನನಗೆ ಗುಟ್ಟಾಗಿ ಹೇಳುತ್ತಿದ್ದರು. ಒಂದು ರಾತ್ರಿ ಕೋಲು ಎತ್ತಿಕೊಂಡು ಅಮ್ಮನಿಗೆ ಹೊಡೆದೇಬಿಟ್ಟರು. ಅಮ್ಮನಿಗೆ ಒಂದು ದಿನ ಗದರಿದವರಲ್ಲ ಅವರು.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರಿಗೆ ಇದನ್ನೆಲ್ಲ ಹೇಳಿದೆ. ಅವರು ಬರೆದುಕೊಳ್ಳಲೂ ಇಲ್ಲ. “ಡಿಮೆನ್ಷಿಯಾ ಅಂದ್ರೆ ಹೀಗೇ” ಅಂದರು. ಮೂತ್ರ ಪರೀಕ್ಷೆ ಇಲ್ಲ, ಎಲ್ಲಾದರೂ ನೋವಿದೆಯಾ ಅಂತ ಮುಟ್ಟಿ ನೋಡಲಿಲ್ಲ, ಈಗಾಗಲೇ ಯಾವ ಮಾತ್ರೆ ತಗೋತಿದ್ದಾರೆ ಅಂತ ಕೇಳಲಿಲ್ಲ. ಹ್ಯಾಲೊಪೆರಿಡಾಲ್ ಹಾಕಿಸಿದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಡೋಸ್. ಬೆಳಗಾಗುವಷ್ಟರಲ್ಲಿ ಅಪ್ಪನ ಮೈ ಕೊರಡಿನ ಹಾಗೆ ಸೆಟೆದಿತ್ತು. ನೀರು ನುಂಗಲು ಆಗುತ್ತಿರಲಿಲ್ಲ. ಜ್ವರ ಏರುತ್ತಿತ್ತು. ಆಗಲೂ “ಮಂಪರು, ಇಳಿಯುತ್ತೆ ಬಿಡಿ” ಅನ್ನುವ ಉತ್ತರವೇ ಸಿಕ್ಕಿದ್ದು. ನನಗೆ ಇವತ್ತಿಗೂ ಸಿಟ್ಟು ಬರುವುದು ಆ ಮಾತಿಗೆ.

ಬೇರೆ ಕಡೆ ಕರೆದುಕೊಂಡು ಹೋದಾಗ ನ್ಯೂರಾಲಜಿಸ್ಟ್ ಕೇಳಿದ ಮೊದಲ ಪ್ರಶ್ನೆಗಳೇ ಇವು: ಇಲ್ಲದ್ದು ಕಾಣುತ್ತಿತ್ತಾ? ನಿದ್ದೆಯಲ್ಲಿ ಒದೆಯುತ್ತಿದ್ದರಾ? ಅಪ್ಪನಿಗೆ ಇದ್ದದ್ದು ಲೆವಿ ಬಾಡಿ ಡಿಮೆನ್ಷಿಯಾ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಗಂಟು ಕಟ್ಟುವ ಪ್ರೋಟೀನೇ ಇದರಲ್ಲೂ ಗಂಟು ಕಟ್ಟುತ್ತದೆ. ಮಿದುಳಿನಲ್ಲಿ ಡೋಪಮಿನ್ (ಕೈಕಾಲು ಸಲೀಸಾಗಿ ಆಡಲು ಬೇಕಾದ ರಾಸಾಯನಿಕ) ಮೊದಲೇ ಕಡಿಮೆ. ಹ್ಯಾಲೊಪೆರಿಡಾಲ್ ಇರುವ ಆ ಸ್ವಲ್ಪ ಡೋಪಮಿನ್ನಿನ ಕೆಲಸವನ್ನೂ ತಡೆಯುತ್ತದೆ. ಎಲ್ಲ ಲೆವಿ ಬಾಡಿ ರೋಗಿಗಳಿಗೂ ಇಷ್ಟು ಕೆಟ್ಟದಾಗುವುದಿಲ್ಲ. ಆದರೆ ಯಾರಿಗೆ ಆಗುತ್ತದೆ ಅಂತ ಮೊದಲೇ ಗೊತ್ತಾಗುವುದಿಲ್ಲ, ಕೆಲವರು ಇದರಿಂದ ಸಾಯುತ್ತಾರೆ. ಅಪ್ಪ ಉಳಿದರು. ಮತ್ತೆ ಎದ್ದು ನಡೆಯಲಿಲ್ಲ.

ಅವತ್ತು ರಾತ್ರಿ ಅವರನ್ನು ಅಷ್ಟು ಕೆರಳಿಸಿದ್ದು ಮೂತ್ರದ ಸೋಂಕು. ಮೂತ್ರ ಪರೀಕ್ಷೆ ಮಾಡಿಸಿದ್ದರೆ ಗೊತ್ತಾಗುತ್ತಿತ್ತು. ವಯಸ್ಸಾದವರಿಗೆ ಉರಿ, ಜ್ವರ ಏನೂ ಇಲ್ಲದೆ ಬರೀ ಗೊಂದಲ, ರೇಗಾಟ ಮಾತ್ರ ಕಾಣಿಸಬಹುದು. ಮಲಬದ್ಧತೆ, ಹೇಳಿಕೊಳ್ಳಲಾಗದ ಹಲ್ಲುನೋವು, ನೀರು ಕಡಿಮೆಯಾಗುವುದು, ಹೊಸದಾಗಿ ಶುರು ಮಾಡಿದ ಮಾತ್ರೆ ಕೂಡ ಹೀಗೆ ಮಾಡುತ್ತವೆ. ನಿದ್ದೆಗೆ, ಅಲರ್ಜಿಗೆ ಅಂತ ಕೊಡುವ ಡೈಫೆನ್‌ಹೈಡ್ರಮಿನ್, ಪದೇಪದೇ ಮೂತ್ರ ಹೋಗುವುದಕ್ಕೆ ಕೊಡುವ ಆಕ್ಸಿಬ್ಯುಟಿನಿನ್ ಗೊಂದಲವನ್ನು ಜಾಸ್ತಿ ಮಾಡಬಹುದು. ಒಂದೆರಡು ದಿನದಲ್ಲಿ ಸ್ವಭಾವ ಬದಲಾದರೆ ಅದು ಕಾಯಿಲೆ ಮುಂದುವರಿದದ್ದು ಅಂತ ಸುಮ್ನೆ ಒಪ್ಪಿಕೊಳ್ಳಬೇಡಿ.

ನಮ್ಮವರಿಗೆ ಲೆವಿ ಬಾಡಿ ಅಲ್ವಲ್ಲ, ಅಲ್ಜೈಮರ್ಸ್ ತಾನೇ ಅನ್ನುವವರಿಗೂ ಒಂದು ಮಾತು. ಡಿಮೆನ್ಷಿಯಾ ಇರುವ ಹಿರಿಯರಿಗೆ ಈ ಆಂಟಿಸೈಕೋಟಿಕ್ ಜಾತಿಯ ಹೊಸ ಔಷಧಿಗಳನ್ನು ಕೊಟ್ಟರೆ ಸಾವಿನ ಅಪಾಯ ಹೆಚ್ಚು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿತ್ತು. ಸುಮಾರು 10 ವಾರದ ಪ್ರಯೋಗಗಳಲ್ಲಿ ಔಷಧಿ ತೆಗೆದುಕೊಂಡವರಲ್ಲಿ ಸುಮಾರು 4.5%, ತೆಗೆದುಕೊಳ್ಳದವರಲ್ಲಿ ಸುಮಾರು 2.6% ಜನ ತೀರಿಕೊಂಡಿದ್ದರು. 2008ರಲ್ಲಿ ಹ್ಯಾಲೊಪೆರಿಡಾಲ್‌ನಂಥ ಹಳೆಯ ಔಷಧಿಗಳನ್ನೂ ಆ ಎಚ್ಚರಿಕೆಗೆ ಸೇರಿಸಿದರು. ಕೊಡಲೇಬೇಕಾದ ಸಂದರ್ಭ ಇರುತ್ತದೆ, ಯಾರಿಗಾದರೂ ಪೆಟ್ಟಾಗುವ ಹಾಗಿದ್ದಾಗ. ಆಗಲೂ ಕಡಿಮೆ ಡೋಸ್, ಕಡಿಮೆ ಕಾಲ, ಯಾವಾಗ ನಿಲ್ಲಿಸುತ್ತೀರಿ ಅನ್ನುವ ಉತ್ತರ ಬೇಕು. ಮನೆಯಲ್ಲಿ ಈಗಾಗಲೇ ಕೊಡುತ್ತಿದ್ದರೆ ಇದನ್ನು ಓದಿ ನೀವೇ ಥಟ್ಟನೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಅಪ್ಪನಿಗೆ ಆಮೇಲೆ ರಿವಾಸ್ಟಿಗ್ಮಿನ್ ಅನ್ನುವ ಡಿಮೆನ್ಷಿಯಾ ಔಷಧಿ ಕೊಟ್ಟರು, ಇಲ್ಲದ ಮಕ್ಕಳು ಕಾಣುವುದು ಕಡಿಮೆಯಾಯಿತು. ಅನುಮಾನ ಪೂರ್ತಿ ಹೋಗಲಿಲ್ಲ. ಅದಕ್ಕೆ ದಾರಿ ಕಂಡುಕೊಂಡದ್ದು ಅಮ್ಮನೇ. “ನಾನೇ ರೀ” ಅಂತ ವಾದ ಮಾಡುವುದನ್ನು ಬಿಟ್ಟು ಆಚೆ ಹೋಗುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲ ಹಿಂದಿನಿಂದಲೇ ಮಾತಾಡುತ್ತಾ ಒಳಗೆ ಬರುತ್ತಿದ್ದರು. ಅಪ್ಪ ಮುಖ ನಂಬುತ್ತಿರಲಿಲ್ಲ, ದನಿ ನಂಬುತ್ತಿದ್ದರು. “ಬಂದ್ಯಾ? ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ?” ಅನ್ನುತ್ತಿದ್ದರು. ತೀರಾ ಕೆರಳಿದಾಗ ಎದುರಿಗೆ ನಿಲ್ಲದೆ ಪಕ್ಕಕ್ಕೆ ಸರಿದು, ಬಾಗಿಲಿಗೆ ಅಡ್ಡ ನಿಲ್ಲದಿದ್ದರೆ ಅರ್ಧ ಜಗಳ ಅಲ್ಲೇ ಇಳಿಯುತ್ತಿತ್ತು.

ಇನ್ನೊಂದು ವಿಷಯ. ಆ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಲ್ಲಿ ಇಂಜೆಕ್ಷನ್ನಿನಿಂದ ಆದ ತೊಂದರೆ ಬಗ್ಗೆ ಒಂದು ಸಾಲೂ ಇರಲಿಲ್ಲ. ಹಟ ಹಿಡಿದು ಕೂತ ಮೇಲೆ ಬರೆದುಕೊಟ್ಟರು. ನೀವೂ ಬರೆಸಿಕೊಳ್ಳಿ. ಲೆವಿ ಬಾಡಿ ಅಥವಾ ಅದರ ಅನುಮಾನ ಇದ್ದರೆ, ಫೈಲಿನ ಮೊದಲ ಪುಟದಲ್ಲಿ ದೊಡ್ಡದಾಗಿ ಹೀಗೆ ಬರೆದಿಡಿ: ‘ಲೆವಿ ಬಾಡಿ. ಹ್ಯಾಲೊಪೆರಿಡಾಲ್ ಕೊಡಬೇಡಿ.’ ಅದರ ಫೋಟೋ ಮನೆಯವರೆಲ್ಲರ ಫೋನಿನಲ್ಲೂ ಇರಲಿ. ರಾತ್ರಿ ಆಸ್ಪತ್ರೆಗೆ ಓಡುವವರು ನೀವೇ ಆಗಿರುತ್ತೀರಿ ಅಂತ ಹೇಳಲಾಗದು.